ಉಳಿದುಹೋದ ಲಾಗಿನ್‌ಗಳು: ಲಿನಕ್ಸ್ ಸರ್ವರಿನ ಒಂದು ಸಮಸ್ಯೆಯ ಸಮೀಕ್ಷೆ

ಅನೇಕ ಜನರು ದೂರದಿಂದ ಪ್ರವೇಶಿಸಿ ಕೆಲಸಮಾಡಿ ಹೋಗುವ ಯಾವ ಲಿನಕ್ಸ್ ಸರ್ವರನ್ನೇ ಆಗಲಿ, ಕೆಲವು ತಿಂಗಳ ಕಾಲ ಮರುಚಾಲನೆಗೊಳಿಸದೆ ಬಿಟ್ಟು, ಆಮೇಲೆ ಅದರೊಳಗೆ ಈಗ ಯಾರು ಯಾರು ಇದ್ದಾರೆಂದು ವಿಚಾರಿಸಿದರೆ, ದೊರೆಯುವ ಪಟ್ಟಿಯಲ್ಲಿ ಇಂದು ಕೆಲಸದಲ್ಲಿ ತೊಡಗಿರುವವರ ಹೆಸರುಗಳ ನಡುವೆ, ಮೂರು ದಿನಗಳ ಹಿಂದೆ ಲ್ಯಾಪ್‌ಟಾಪನ್ನು ತೆರೆದಿಟ್ಟು ಊರಿಗೆ ಹೊರಟವರ ಹೆಸರೂ, ಕೆಲವೊಮ್ಮೆ ಆ ಸಂಸ್ಥೆಯನ್ನೇ ಬಿಟ್ಟುಹೋದವರ ಹೆಸರೂ ನಿಶ್ಚಿಂತವಾಗಿ ಕುಳಿತಿರುವುದು ಕಂಡುಬರುವುದುಂಟು. ಇವುಗಳಿಂದ ಆಗುವ ಹಾನಿಯೇನು ಎಂದು ಕೇಳಬಹುದು. ಸುಮ್ಮನೆ ಕುಳಿತ ಒಂದು ಶೆಲ್ ಯಂತ್ರದ ಮೆಮೊರಿಯಲ್ಲಿ ಆಕ್ರಮಿಸುವ ಸ್ಥಳ ಅತ್ಯಲ್ಪವೆಂಬುದು ನಿಜ. ಆದರೆ ಅದು ನಿಂತಿರುವ ಡೈರೆಕ್ಟರಿಯ ಡಿಸ್ಕನ್ನು ಕಳಚಲು ಹೋದಾಗ ಕರ್ನೆಲ್ ನಿರಾಕರಿಸುತ್ತದೆ. ಅದರೊಳಗೆ ಆರಂಭಿಸಿ ಮುಗಿಸದೆ ಬಿಟ್ಟ ಡೇಟಾಬೇಸ್ ವ್ಯವಹಾರವೊಂದು ಬೇರೆಯವರ ಬರಹಕ್ಕೆ ಬೀಗ ಹಾಕಿರುತ್ತದೆ. ಒಬ್ಬರಿಗೆ ಇಷ್ಟೇ ಲಾಗಿನ್ ಎಂದು ಮಿತಿ ವಿಧಿಸಿರುವಲ್ಲಿ ಅವರ ಹಳೆಯ ಲಾಗಿನ್‌ಗಳೇ ಅವರ ಹೊಸ ಪ್ರವೇಶಕ್ಕೆ ಅಡ್ಡಬರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ರೂಟ್ ಅಧಿಕಾರವನ್ನು ಪಡೆದು ಹಾಗೆಯೇ ಬಿಟ್ಟುಹೋದ ಶೆಲ್, ಆ ಅಧಿಕಾರವನ್ನು ಮುಂದೆ ಕೀಲಿಮಣೆಯ ಬಳಿ ಬಂದು ಕೂಡುವ ಯಾರಿಗೇ ಆದರೂ ಒಪ್ಪಿಸಲು ಸಿದ್ಧವಾಗಿರುತ್ತದೆ.

ಈ ವಿಷಯವನ್ನು ಕುರಿತು ಸಾಮಾನ್ಯವಾಗಿ ದೊರೆಯುವ ಉಪದೇಶವೆಲ್ಲ ‘ಹೀಗೆ ಕಿಲ್ ಮಾಡಿ’ ಎಂಬ ಒಂದು ಸಾಲಿನ ಆದೇಶದಲ್ಲಿ ಮುಗಿದುಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಒಂದು ಸಾಲು ಇಡೀ ಪ್ರಶ್ನೆಯ ಅತ್ಯಂತ ಸುಲಭವಾದ ಭಾಗ. ‘ಸ್ಟೇಲ್ ಸೆಷನ್’ ಎಂಬ ಒಂದೇ ಹೆಸರಿನ ಕೆಳಗೆ ಪರಸ್ಪರ ಸಂಬಂಧವೇ ಇಲ್ಲದ ಹಲವು ಸ್ಥಿತಿಗಳು ಸೇರಿಕೊಂಡಿವೆ: ಕಡಿದುಹೋದ ಸಂಪರ್ಕ, ಎದ್ದುಹೋದ ಮನುಷ್ಯ, ಬೇಕೆಂದೇ ಬಿಟ್ಟುಹೋದ ಕೆಲಸ, ಬರಿಯ ದಾಖಲೆಯಾಗಿ ಉಳಿದ ಹೆಸರು, ಸಾಯಲೊಲ್ಲದ ಪ್ರೊಸೆಸ್. ಒಂದಕ್ಕೆ ಹೇಳಿದ ಔಷಧ ಮತ್ತೊಂದಕ್ಕೆ ಹೊಂದುವುದಿಲ್ಲ. ಕೆಲವು ಸಂದರ್ಭಗಳಲ್ಲಿ ವಿಷವಾಗಿ ಪರಿಣಮಿಸುವುದೂ ಉಂಟು. ಆದುದರಿಂದ ರೋಗನಿದಾನಕ್ಕೆ ಹೆಚ್ಚು ಸ್ಥಳವನ್ನು ಕೊಟ್ಟು, ಚಿಕಿತ್ಸೆಯನ್ನು ಆಮೇಲೆ ವಿಚಾರಿಸುವುದು ಯುಕ್ತವೆಂದು ತೋರುತ್ತದೆ.

ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ಪದ್ಧತಿಯು, 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೋ ಮತ್ತು ಅವರ ಸಹೋದ್ಯೋಗಿಗಳು ಪ್ರದರ್ಶಿಸಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಿಂದ ಪ್ರಸಿದ್ಧಿಗೆ ಬಂದಿತು. ಅನಂತರ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಇವರು ಯುನಿಕ್ಸನ್ನು ನಿರ್ಮಿಸಿದಾಗ, ಒಳಗಿರುವವರನ್ನು ಎಣಿಸುವ ಸಾಧನವನ್ನು ಆರಂಭದಿಂದಲೇ ಅದಕ್ಕೆ ಜೋಡಿಸಿದರು. 1971ನೆಯ ನವೆಂಬರ್ 3ರ ದಿನಾಂಕವನ್ನು ಹೊತ್ತ ಅದರ ಪ್ರಥಮ ಕೈಪಿಡಿಯಲ್ಲಿಯೇ ‘ಹೂ’ ಎಂಬ ಆದೇಶವೂ, ಈಗ ಇರುವವರನ್ನು ನಮೂದಿಸುವ ‘ಯುಟಿಎಂಪಿ’ ಎಂಬ ಕಡತವೂ, ಬಂದುಹೋದವರ ಚರಿತ್ರೆಯನ್ನು ಕಾಯ್ದಿಡುವ ‘ಡಬ್ಲ್ಯೂಟಿಎಂಪಿ’ ಎಂಬ ಕಡತವೂ ವರ್ಣಿತವಾಗಿವೆ. ಈ ಯುಟಿಎಂಪಿಯನ್ನು ಹಿಂದಿನ ಕಾಲದ ಛತ್ರದ ಪುಸ್ತಕಕ್ಕೆ ಹೋಲಿಸಬಹುದು: ಬಂದವರು ಹೆಸರು ಬರೆಸುತ್ತಾರೆ, ಹೇಳಿಹೋದವರ ಹೆಸರನ್ನು ಪಾರುಪತ್ಯಗಾರನು ಹೊಡೆದುಹಾಕುತ್ತಾನೆ, ಹೇಳದೆ ಹಿತ್ತಲ ಬಾಗಿಲಿನಿಂದ ಹೊರಟವರ ಹೆಸರು ಮಾತ್ರ ಪುಸ್ತಕದಲ್ಲಿ ಹಾಗೆಯೇ ನಿಂತಿರುತ್ತದೆ.

ಆ ಕಾಲದಲ್ಲಿ ಹೇಳದೆ ಹೋಗುವುದು ಅಷ್ಟು ಸುಲಭವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಟರ್ಮಿನಲ್ ಎಂದರೆ ಆಗ ತಂತಿಯಿಂದ ಬಿಗಿದ ಟೆಲಿಟೈಪ್ ಯಂತ್ರ. ದೂರದಲ್ಲಿರುವವರು ದೂರವಾಣಿಯ ಸಾಲಿನಲ್ಲಿ ಮೋಡೆಮ್ ಮೂಲಕ ಬರುತ್ತಿದ್ದರು. ಅವರು ರಿಸೀವರನ್ನು ಕೆಳಗಿಟ್ಟ ಕ್ಷಣದಲ್ಲಿಯೇ ಸಾಲಿನ ಮೇಲಿನ ವಾಹಕಧ್ವನಿ ನಿಂತು, ಆ ನಿಲುಗಡೆಯನ್ನು ಮೋಡೆಮ್ ಯಂತ್ರಕ್ಕೆ ತಿಳಿಸುತ್ತಿತ್ತು; ಕರ್ನೆಲ್ ಕೂಡಲೇ ಆ ಟರ್ಮಿನಲ್ಲಿನ ಪ್ರೊಸೆಸ್‌ಗಳಿಗೆ ‘ಹ್ಯಾಂಗಪ್’ ಎಂಬ ಸಿಗ್ನಲನ್ನು ಕಳುಹಿಸಿ ಅವುಗಳನ್ನು ವಿಸರ್ಜಿಸುತ್ತಿತ್ತು. ಇಂದಿಗೂ ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಒಂದನೆಯ ಸಂಖ್ಯೆಯ ಸಿಗ್ನಲ್ ಇದೇ. ಸಾಲು ತುಂಡಾದುದು ತನ್ನಷ್ಟಕ್ಕೇ ಒಂದು ವಾರ್ತೆಯಾಗಿತ್ತು ಎಂಬುದೇ ಆ ವ್ಯವಸ್ಥೆಯ ಬಲ.

ಜಾಲಗಳ ಯುಗದಲ್ಲಿ ಈ ಬಲ ನಷ್ಟವಾಯಿತು. ಟಿಸಿಪಿ ಎಂಬ ನಿಯಮಾವಳಿಯ ಪ್ರಕಾರ ನಡೆಯುವ ಸಂಪರ್ಕದಲ್ಲಿ, ಎರಡು ತುದಿಗಳೂ ಮೌನವಾಗಿರುವಾಗ ಯಾವ ಪೊಟ್ಟಣವೂ ಸಂಚರಿಸುವುದಿಲ್ಲ. ಮೌನವು ಅಲ್ಲಿ ಸಂಪೂರ್ಣವಾಗಿ ನ್ಯಾಯಸಮ್ಮತವಾದ ಸ್ಥಿತಿ. ಬಳಕೆದಾರನು ‘ಎಕ್ಸಿಟ್’ ಎಂದು ಹೇಳಿ ಹೋದರೆ ಮುಕ್ತಾಯದ ಪೊಟ್ಟಣ ಸರ್ವರಿಗೆ ಮುಟ್ಟುತ್ತದೆ. ಆದರೆ ಲ್ಯಾಪ್‌ಟಾಪನ್ನು ಮಡಿಸಿ ಮೆಟ್ರೊ ಹತ್ತಿದರೆ, ಮನೆಯ ವೈಫೈಯಿಂದ ಮೊಬೈಲ್ ಜಾಲಕ್ಕೆ ಬದಲಾದರೆ, ಕರೆಂಟು ಹೋಗಿ ರೌಟರ್ ಆರಿದರೆ, ಸರ್ವರಿಗೆ ಏನೂ ತಿಳಿಯುವುದಿಲ್ಲ. ಒಂದು ತುದಿ ನಾಶವಾಗಿ ಮತ್ತೊಂದು ತುದಿ ಅದನ್ನರಿಯದೆ ಕಾಯುತ್ತಿರುವ ಈ ಅರೆತೆರೆದ ಸ್ಥಿತಿಯೇ ನಮ್ಮ ಸಮಸ್ಯೆಯ ಬಹುಪಾಲಿಗೆ ಮೂಲ.

ಇದನ್ನು ಜಾಲದ ಶಿಲ್ಪಿಗಳು ಅರಿಯದಿದ್ದವರಲ್ಲ. ಮೌನವಾಗಿರುವ ಸಂಪರ್ಕದ ಮೇಲೆ ಆಗಾಗ ಒಂದು ಪೊಟ್ಟಣವನ್ನು ಕಳುಹಿಸಿ, ಎದುರು ತುದಿ ಜೀವಂತವಾಗಿದೆಯೇ ಎಂದು ತಟ್ಟಿನೋಡುವ ‘ಕೀಪ್‌ಅಲೈವ್’ ಉಪಾಯ ಬಹು ಹಿಂದಿನದು. ಆದರೆ 1989ರ ಆರ್‌ಎಫ್‌ಸಿ 1122 ಎಂಬ ಅಂತರಜಾಲದ ಮಾನದಂಡವು, ಅದನ್ನು ಕೇಳಿದ ಕಾರ್ಯಕ್ರಮಕ್ಕೆ ಮಾತ್ರ ಒದಗಿಸಬೇಕೆಂದೂ, ಪೂರ್ವನಿಶ್ಚಿತವಾದ ಅವಧಿ ಎರಡು ಗಂಟೆಗಳಿಗೆ ಕಡಿಮೆಯಿರಕೂಡದೆಂದೂ ವಿಧಿಸಿತು. ದುಬಾರಿಯಾದ ಆ ಕಾಲದ ಜಾಲದಲ್ಲಿ ಅನಾವಶ್ಯಕ ಸಂಚಾರವನ್ನು ತಡೆಯುವುದು ಅದರ ಉದ್ದೇಶಗಳಲ್ಲೊಂದು. ಲಿನಕ್ಸ್ ಈ ಸಂಪ್ರದಾಯವನ್ನು ಇಂದಿಗೂ ಪಾಲಿಸುತ್ತಿದೆ: 7200 ಸೆಕೆಂಡುಗಳ ಮೌನದ ಅನಂತರ ಮೊದಲನೆಯ ಪರೀಕ್ಷೆ, ಅನಂತರ 75 ಸೆಕೆಂಡುಗಳ ಅಂತರದಲ್ಲಿ ಒಟ್ಟು 9 ಪರೀಕ್ಷೆಗಳು, ಯಾವುದಕ್ಕೂ ಉತ್ತರವಿಲ್ಲದಿದ್ದರೆ ಸಂಪರ್ಕದ ಮರಣಘೋಷಣೆ. ಕೂಡಿದರೆ 2 ಗಂಟೆ 11 ನಿಮಿಷ 15 ಸೆಕೆಂಡು. ದೂರದ ಲಾಗಿನ್‌ಗಳನ್ನು ಸ್ವೀಕರಿಸುವ ಎಸ್‌ಎಸ್‌ಎಚ್ ಸರ್ವರ್ ಈ ಪರೀಕ್ಷೆಯನ್ನು ತಾನಾಗಿಯೇ ಕೇಳಿಕೊಳ್ಳುವುದರಿಂದ, ಏನನ್ನೂ ಬದಲಿಸದ ಸರ್ವರಿನಲ್ಲಿಯೂ ಸತ್ತ ಸಂಪರ್ಕವು ಸುಮಾರು ಅಷ್ಟು ಹೊತ್ತಿನಲ್ಲಿ ತಾನಾಗಿಯೇ ತೊಲಗುತ್ತದೆ. ಇಲ್ಲೊಂದು ವಿಚಿತ್ರವಿದೆ. ಸರ್ವರಿನ ಕಡೆಯಿಂದ ಏನಾದರೂ ಹೊರಬೀಳುತ್ತಲೇ ಇದ್ದರೆ, ಉತ್ತರವಿಲ್ಲದ ಪೊಟ್ಟಣವನ್ನು ಕರ್ನೆಲ್ ಮತ್ತೆ ಮತ್ತೆ ಕಳುಹಿಸಿ, ಸುಮಾರು 15 ನಿಮಿಷಗಳಲ್ಲಿ ಕೈಬಿಡುತ್ತದೆ. ಆದುದರಿಂದ ಮಾತಾಡುತ್ತಿರುವ ಸತ್ತ ಲಾಗಿನ್ ಬೇಗ ಹೋಗುತ್ತದೆ, ಮೌನವಾಗಿರುವ ಸತ್ತ ಲಾಗಿನ್ ಹೆಚ್ಚು ಕಾಲ ಬಾಳುತ್ತದೆ.

ಎರಡು ಗಂಟೆಗಳ ಈ ಅವಧಿ ಇಂದಿನ ಮನೆಗಳ ಮತ್ತು ಮೊಬೈಲ್ ಜಾಲಗಳ ಸ್ವಭಾವಕ್ಕೆ ಹೊಂದುವುದಿಲ್ಲ. ಒಂದೇ ವಿಳಾಸದ ಹಿಂದೆ ಅನೇಕ ಯಂತ್ರಗಳನ್ನು ಅಡಗಿಸುವ ನ್ಯಾಟ್ ಪೆಟ್ಟಿಗೆಗಳು, ಸ್ಥಾಪಿತವಾದ ಸಂಪರ್ಕವನ್ನು ಕನಿಷ್ಠ 2 ಗಂಟೆ 4 ನಿಮಿಷವಾದರೂ ನೆನಪಿನಲ್ಲಿಡಬೇಕೆಂದು 2008ರ ಆರ್‌ಎಫ್‌ಸಿ 5382 ಹೇಳಿದೆಯಾದರೂ, ಅದಕ್ಕಿಂತ ಬಹುಬೇಗ ಮರೆತುಬಿಡುವ ಪೆಟ್ಟಿಗೆಗಳು ವಿರಳವಲ್ಲ. ಈ ಕೊರತೆಯನ್ನು ತುಂಬುವುದಕ್ಕೆ, ಎಸ್‌ಎಸ್‌ಎಚ್ ಸರ್ವರಿನ ರೂಢಿಯ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್ ತನ್ನದೇ ಆದ ಪರೀಕ್ಷೆಯೊಂದನ್ನು ಇಟ್ಟುಕೊಂಡಿದೆ. ‘ಕ್ಲೈಂಟ್‌ಅಲೈವ್‌ಇಂಟರ್ವಲ್’ ಎಂಬ ಸೂತ್ರಕ್ಕೆ 60 ಎಂದೂ, ‘ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್’ ಎಂಬುದಕ್ಕೆ 3 ಎಂದೂ ಬರೆದರೆ, ಸುಮಾರು ಮೂರು ನಿಮಿಷಗಳ ನಿರುತ್ತರದ ಅನಂತರ ಸಂಪರ್ಕ ಕಡಿಯಲ್ಪಡುತ್ತದೆ. ಪ್ರಶ್ನೋತ್ತರವು ಗೂಢಲಿಪಿಯ ಒಳಗೇ ನಡೆಯುವುದರಿಂದ ನಡುವಿನವರು ಅದನ್ನು ನಕಲು ಮಾಡಲೂ ಆಗದು. ಪೂರ್ವನಿಶ್ಚಿತವಾಗಿ ಮೊದಲನೆಯದರ ಬೆಲೆ ಸೊನ್ನೆಯಿರುವ ಕಾರಣ, ಯಾರೂ ಮುಟ್ಟದ ಸರ್ವರಿನಲ್ಲಿ ಈ ಪರೀಕ್ಷೆ ನಡೆಯುವುದೇ ಇಲ್ಲ. ಅರೆತೆರೆದ ಸಂಪರ್ಕಗಳ ವಿಷಯದಲ್ಲಿ ಈ ಎರಡು ಸಾಲುಗಳನ್ನು ಬರೆದವರು ಮತ್ತೇನನ್ನೂ ಮಾಡಬೇಕಾಗಿಲ್ಲವೆಂಬುದು ನನ್ನ ನಿಶ್ಚಿತವಾದ ಮತ.

ಆದರೆ ಈ ಪರೀಕ್ಷೆಗೆ ಉತ್ತರ ಕೊಡುವುದು ಎದುರು ತುದಿಯ ಕಾರ್ಯಕ್ರಮವೇ ಹೊರತು ಮನುಷ್ಯನಲ್ಲ ಎಂಬುದನ್ನು ಮರೆತು, ಅನೇಕರು ಇದನ್ನೇ ನಿಷ್ಕ್ರಿಯತೆಯ ಅಳತೆಗೋಲಾಗಿ ಭಾವಿಸುವುದುಂಟು. ಹಿಂದೆ ಎರಡನೆಯ ಸೂತ್ರಕ್ಕೆ ಸೊನ್ನೆಯನ್ನು ಬರೆದರೆ, ನಿಗದಿಯಾದ ಕಾಲ ಏನೂ ಬಾರದಿದ್ದ ಮಾತ್ರಕ್ಕೇ ಸಂಪರ್ಕ ಕಡಿದುಹೋಗುತ್ತಿತ್ತು. ಈ ಗುಣವನ್ನು ನಂಬಿ ಭದ್ರತೆಯ ಮಾರ್ಗಸೂಚಿಗಳು ಆ ಸೊನ್ನೆಯನ್ನು ವಿಧಿಯಾಗಿಯೇ ಬರೆದಿದ್ದವು. 2020ರ ಫೆಬ್ರುವರಿಯಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್‌ನ 8.2ನೆಯ ಆವೃತ್ತಿ ಸೊನ್ನೆಯ ಅರ್ಥವನ್ನು ತಿರುಗಿಸಿ, ‘ಎಂದೂ ಕಡಿಯಬೇಡ’ ಎಂದು ಮಾಡಿತು. ಹಳೆಯ ಮಾರ್ಗಸೂಚಿಯನ್ನು ನಕಲು ಮಾಡಿಕೊಂಡ ಕಡತವು ಹೊಸ ಸರ್ವರಿಗೆ ಬಂದಾಗ, ಲಾಗಿನ್‌ಗಳನ್ನು ಬೇಗ ಮುಗಿಸಬೇಕೆಂದು ಬರೆದ ಸಾಲೇ ಅವುಗಳನ್ನು ಚಿರಂಜೀವಿಗಳನ್ನಾಗಿ ಮಾಡುತ್ತದೆ. ತಮ್ಮ ಸರ್ವರಿನಲ್ಲಿ ಆ ಸೊನ್ನೆ ಇದೆಯೇ ಎಂದು ಓದುಗರು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ನೋಡುವ ಉಪಕರಣಗಳ ವಿಚಾರ. ‘ಡಬ್ಲ್ಯೂ’ ಎಂಬ ಏಕಾಕ್ಷರದ ಆದೇಶ ಬರ್ಕಲಿಯ ಬಿಎಸ್‌ಡಿ ಯುನಿಕ್ಸಿನಿಂದ ಬಂದದ್ದು; ಹೆಸರು, ಟರ್ಮಿನಲ್, ಬಂದ ಸ್ಥಳ, ಬಂದ ಹೊತ್ತು, ನಿಷ್ಕ್ರಿಯವಾಗಿ ಕಳೆದ ಕಾಲ, ಈಗ ನಡೆಯುತ್ತಿರುವ ಆದೇಶ ಇಷ್ಟನ್ನೂ ಒಂದೇ ಸಾಲಿನಲ್ಲಿ ಹೇಳುತ್ತದೆ. ‘ಹೂ’ ಆದೇಶಕ್ಕೆ ‘ಯು’ ಎಂಬ ವಿಕಲ್ಪವನ್ನು ಸೇರಿಸಿದರೆ ಪ್ರೊಸೆಸ್ ಸಂಖ್ಯೆಯೂ ಕಾಣುತ್ತದೆ. ಒಂದು ನಿಮಿಷದೊಳಗೆ ಚಟುವಟಿಕೆಯಿದ್ದವರ ಮುಂದೆ ಒಂದು ಚುಕ್ಕೆ, ಒಂದು ದಿನಕ್ಕೂ ಹೆಚ್ಚು ಸುಮ್ಮನಿದ್ದವರ ಮುಂದೆ ‘ಓಲ್ಡ್’ ಎಂಬ ಶರಾ. ಯಾರು ಇದ್ದಾರೆ, ಎಷ್ಟು ಹೊತ್ತಿನಿಂದ ಸುಮ್ಮನಿದ್ದಾರೆ ಎಂದು ತಿಳಿಯುವ ಕುತೂಹಲ ಆರಂಭದಲ್ಲಿ ಪೊಲೀಸರದಾಗಿರದೆ ಗೆಳೆಯರದಾಗಿತ್ತು. 1971ರಲ್ಲಿ ಸ್ಟ್ಯಾನ್‌ಫರ್ಡಿನ ಲೆಸ್ ಅರ್ನೆಸ್ಟ್ ಅವರು ‘ಫಿಂಗರ್’ ಎಂಬ ಕಾರ್ಯಕ್ರಮವನ್ನು ಬರೆದದ್ದು ಸಹೋದ್ಯೋಗಿಗಳು ಸಿಗುತ್ತಾರೆಯೇ ಎಂದು ತಿಳಿಯುವುದಕ್ಕಾಗಿಯೇ.

ಈ ನಿಷ್ಕ್ರಿಯ ಕಾಲವೆಂಬುದು ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ಅರಿಯದೆ ಅದನ್ನು ನಂಬುವುದು ಅಪಾಯ. ಯಂತ್ರವು ಮನುಷ್ಯನನ್ನು ನೋಡುವುದಿಲ್ಲ. ಅವನ ಟರ್ಮಿನಲ್ಲನ್ನು ಪ್ರತಿನಿಧಿಸುವ ಕಡತದಿಂದ ಕಡೆಯ ಬಾರಿ ಅಕ್ಷರವನ್ನು ಓದಿದ ಹೊತ್ತನ್ನು ನೋಡಿ, ಈಗಿನ ಹೊತ್ತಿನಿಂದ ಕಳೆಯುತ್ತದೆ, ಅಷ್ಟೆ. ಆದುದರಿಂದ ರಾತ್ರಿಯೆಲ್ಲ ಲಾಗ್ ಕಡತವೊಂದರ ಪ್ರವಾಹವನ್ನು ಕಣ್ಣು ಮಿಟುಕಿಸದೆ ನೋಡುತ್ತಿರುವ ನಿಷ್ಠಾವಂತನೂ, ಎಂಟು ಗಂಟೆ ಹಿಡಿಯುವ ಡೇಟಾಬೇಸ್ ಪುನಃಸ್ಥಾಪನೆಯನ್ನು ಆರಂಭಿಸಿ ಅದರ ಮುಂದೆ ಕಾದಿರುವವನೂ ಈ ಲೆಕ್ಕದಲ್ಲಿ ನಿಷ್ಕ್ರಿಯರೇ. ಅವರು ಏನನ್ನೂ ಟೈಪ್ ಮಾಡಿಲ್ಲವಷ್ಟೆ. ಪ್ರಸಂಗವಶಾತ್ ಇಲ್ಲೊಂದು ಮಾತು: ಈ ಗಡಿಯಾರ ಅತಿ ನಿಖರವಾಗಿದ್ದಾಗ, ಬೇರೆಯವರ ಟರ್ಮಿನಲ್ಲಿನ ಹೊತ್ತನ್ನು ಸತತವಾಗಿ ಗಮನಿಸಿ ಅವರ ಕೀಲಿಯೊತ್ತುಗಳ ಲಯವನ್ನು ಕಂಡುಕೊಳ್ಳಲು, ಆ ಮೂಲಕ ಪಾಸ್‌ವರ್ಡಿನ ಉದ್ದವನ್ನು ಊಹಿಸಲು ಅವಕಾಶವಿತ್ತು, 2013ರಲ್ಲಿ ಲಿನಕ್ಸ್ ಕರ್ನೆಲ್ಲಿನಲ್ಲಿ ಅದನ್ನು ಎಂಟೆಂಟು ಸೆಕೆಂಡುಗಳಷ್ಟು ಒರಟುಮಾಡಿ ಈ ಸೋರಿಕೆಯನ್ನು ಮುಚ್ಚಿದರು.

ನಿಷ್ಕ್ರಿಯರೆಂದು ತೋರಿ ಕೆಲಸದಲ್ಲಿರುವವರು ಒಂದು ಕಡೆಯಾದರೆ, ಒಳಗಿದ್ದೂ ಪಟ್ಟಿಯಲ್ಲಿ ಕಾಣದವರು ಇನ್ನೊಂದು ಕಡೆ. ಟರ್ಮಿನಲ್ಲನ್ನು ಬೇಡದ ಸಂಪರ್ಕಗಳು, ಎಂದರೆ ಎಸ್‌ಎಫ್‌ಟಿಪಿ ಕಡತಸಾಗಣೆ, ಆರ್‌ಸಿಂಕ್, ಪೋರ್ಟುಗಳ ಸುರಂಗ, ವಿಎಸ್ ಕೋಡ್‌ನಂಥ ಸಂಪಾದಕಗಳು ದೂರದಲ್ಲಿ ನಡೆಸುವ ಸಹಾಯಕ ಪ್ರೊಸೆಸ್‌ಗಳು, ಯುಟಿಎಂಪಿಯಲ್ಲಿ ಹೆಸರು ಬರೆಸುವುದಿಲ್ಲ. ‘ಡಬ್ಲ್ಯೂ’ ಅವನ್ನು ಕಾಣದು. ‘ಪಿಎಸ್’ ಆದೇಶದ ಪಟ್ಟಿಯಲ್ಲಿ ಬಳಕೆದಾರನ ಹೆಸರಿನ ಮುಂದೆ ‘ನೊಟಿಟಿವೈ’ ಎಂದು ಬರೆದ ಎಸ್‌ಎಸ್‌ಎಚ್ ಪ್ರೊಸೆಸ್‌ಗಳನ್ನು ಹುಡುಕಿದವರಿಗೆ ಮಾತ್ರ ಇವು ಸಿಗುತ್ತವೆ. ಇಷ್ಟು ಕಾಲ ಆ ಪ್ರೊಸೆಸ್‌ಗಳ ಹೆಸರು ‘ಎಸ್‌ಎಸ್‌ಎಚ್‌ಡಿ’ ಎಂದು ಆರಂಭವಾಗುತ್ತಿದ್ದು, 2024ರ ಓಪನ್‌ಎಸ್‌ಎಸ್‌ಎಚ್ 9.8ನೆಯ ಆವೃತ್ತಿಯಿಂದ ‘ಎಸ್‌ಎಸ್‌ಎಚ್‌ಡಿ-ಸೆಷನ್’ ಎಂದಾಗಿರುವುದರಿಂದ, ಹಳೆಯ ಸ್ಕ್ರಿಪ್ಟುಗಳು ಅವುಗಳನ್ನು ಗುರುತಿಸದೆ ‘ಯಾರೂ ಇಲ್ಲ’ ಎಂದು ಸಮಾಧಾನ ಹೇಳುವ ಸಂಭವವಿದೆ.

ಮೂರನೆಯ ವರ್ಗವೊಂದಿದೆ, ಅವು ಬೇಕೆಂದೇ ಬಿಟ್ಟುಹೋದವು. ಬರ್ಲಿನ್ನಿನಲ್ಲಿ 1987ರಲ್ಲಿ ಹುಟ್ಟಿದ ‘ಸ್ಕ್ರೀನ್’, 2007ರಲ್ಲಿ ಬಂದ ‘ಟಿಮಕ್ಸ್’ ಇವೆರಡರ ಪರಮಪ್ರಯೋಜನವೇ ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಕಾಯುವುದು. ವಾರಗಟ್ಟಲೆ ನಡೆಯುವ ಗಣನೆಯನ್ನು ಇವುಗಳೊಳಗೆ ಬಿಟ್ಟುಹೋದ ಸಂಶೋಧಕನ ಸೆಷನ್ನು ಹೊರಗಣ್ಣಿಗೆ ಹತ್ತು ದಿನಗಳಿಂದ ಸತ್ತುಬಿದ್ದಂತೆ ಕಾಣುತ್ತದೆ. ಅದನ್ನು ಮುಗಿಸುವುದೆಂದರೆ ಅವನ ಹತ್ತು ದಿನಗಳ ದುಡಿಮೆಯನ್ನು ನಾಶಮಾಡುವುದು. ‘ಮಾಶ್’ ಎಂಬ ಸಾಧನದ ಕಥೆ ಇದಕ್ಕಿಂತ ಸೂಕ್ಷ್ಮ: ಜಾಲದಿಂದ ಜಾಲಕ್ಕೆ ಅಲೆಯುವ ಬಳಕೆದಾರನು ಎಂದಾದರೂ ಹಿಂದಿರುಗಿಯಾನೆಂದು ಅದರ ಸರ್ವರ್ ಭಾಗವು, ಬೇರೆ ಅಪ್ಪಣೆಯಿಲ್ಲದಿದ್ದರೆ, ಅನಂತಕಾಲ ಕಾಯುತ್ತದೆ, ಅವನು ಆ ಲ್ಯಾಪ್‌ಟಾಪನ್ನೇ ಮಾರಿಬಿಟ್ಟಿದ್ದರೂ ಸಹ. ಇಂಥ ಸಂದರ್ಭಗಳಲ್ಲಿ ಯಂತ್ರದಿಂದ ನಿರ್ಣಯ ದೊರೆಯದು. ಸಂಬಂಧಪಟ್ಟವರನ್ನು ಒಂದು ಮಾತು ಕೇಳುವುದೇ ಉಳಿದ ಮಾರ್ಗ. ಅದು ನಾಚಿಕೆಪಡುವಂಥ ವಿಧಾನವೇನೂ ಅಲ್ಲ.

ದಾಖಲೆಯಾಗಿ ಮಾತ್ರ ಉಳಿದ ಹೆಸರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೆಸರನ್ನು ಹೊಡೆದುಹಾಕಬೇಕಾದ ಪ್ರೊಸೆಸನ್ನೇ ಬಲವಂತವಾಗಿ ಕೊಂದರೆ ಯುಟಿಎಂಪಿಯಲ್ಲಿ ನಮೂದು ಉಳಿಯುತ್ತದೆ. ಲಿನಕ್ಸಿನ ‘ಹೂ’ ಆದೇಶವು ಆ ಸಂಖ್ಯೆಯ ಪ್ರೊಸೆಸ್ ಈಗ ಇದೆಯೇ ಎಂದು ನೋಡಿ ಅಂಥ ಹೆಸರುಗಳನ್ನು ಕೈಬಿಡುವುದರಿಂದ ತೊಂದರೆ ಅಲ್ಪ. ಹೆಚ್ಚಿನ ಸಂಗತಿಯೆಂದರೆ, ಆ ಕಡತವೇ ಈಗ ನಿವೃತ್ತಿಯ ಹಾದಿಯಲ್ಲಿದೆ. ಅದರಲ್ಲಿ ಕಾಲವನ್ನು 32 ಬಿಟ್‌ಗಳಲ್ಲಿ ಬರೆದಿಡುವುದರಿಂದ 2038ನೆಯ ಜನವರಿ 19ರ ಅನಂತರದ ಹೊತ್ತನ್ನು ಅದು ಹೇಳಲಾರದು. ಈ ಕಾರಣದಿಂದ ವಿತರಣೆಗಳು ಒಂದೊಂದಾಗಿ ಅದನ್ನು ಬಿಡುತ್ತಿದ್ದು, ಡೆಬಿಯನ್ 13ರಲ್ಲಿ ‘ಲಾಸ್ಟ್’, ‘ಲಾಸ್ಟ್‌ಲಾಗ್’ ಎಂಬ ಪುರಾತನ ಆದೇಶಗಳ ಸ್ಥಾನಕ್ಕೆ ಹೊಸವು ಬಂದಿವೆ. ಆಲ್ಪೈನ್ ಲಿನಕ್ಸಿನಂಥ ಕಿರಿಯ ವಿತರಣೆಗಳ ಮೂಲಗ್ರಂಥಾಲಯವು ಯುಟಿಎಂಪಿಯನ್ನು ಮೊದಲಿನಿಂದಲೂ ಪಾಲಿಸಿಲ್ಲ.

ಯುಟಿಎಂಪಿಯ ಸ್ಥಾನವನ್ನು ಆಕ್ರಮಿಸಿರುವುದು, ಲಿನಕ್ಸಿನ ಸೇವೆಗಳನ್ನು ಆರಂಭಿಸಿ ನಡೆಸುವ ಸಿಸ್ಟಂಡಿಯ ಅಂಗವಾದ ‘ಲಾಗಿಂಡಿ’. ಅದು ಪ್ರತಿಯೊಂದು ಲಾಗಿನ್ನಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಅದರಿಂದ ಹುಟ್ಟಿದ ಪ್ರೊಸೆಸ್‌ಗಳನ್ನೆಲ್ಲ ಕರ್ನೆಲ್ಲಿನ ಒಂದು ಕಂಟ್ರೋಲ್ ಗುಂಪಿನಲ್ಲಿ ಕೂಡಿಡುತ್ತದೆ. ಟರ್ಮಿನಲ್ ಇದ್ದರೂ ಇಲ್ಲದಿದ್ದರೂ, ಪ್ರೊಸೆಸ್ ತನ್ನ ತಾಯಿಯನ್ನು ತೊರೆದು ಹಿನ್ನೆಲೆಗೆ ಸರಿದರೂ ಆ ಗುಂಪನ್ನು ದಾಟಲಾರದು. ‘ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್’ ಎಂದರೆ ಪಟ್ಟಿ, ‘ಸೆಷನ್-ಸ್ಟೇಟಸ್’ ಎಂದರೆ ಆ ಲಾಗಿನ್ನಿನೊಳಗಿನ ಪ್ರೊಸೆಸ್‌ಗಳ ವಂಶವೃಕ್ಷ. ಬಳಕೆದಾರ ಹೋಗಿ, ಅವನ ಪ್ರೊಸೆಸ್ ಒಂದೆರಡು ಉಳಿದಿದ್ದರೆ ಅದರ ಸ್ಥಿತಿಯನ್ನು ‘ಕ್ಲೋಸಿಂಗ್’ ಎಂದು ಪ್ರಾಮಾಣಿಕವಾಗಿ ಹೇಳುತ್ತದೆ. ಸಿಸ್ಟಂಡಿಯನ್ನು ಕುರಿತ ಜಗಳಗಳು ಏನೇ ಇರಲಿ, ಈ ಒಂದು ವಿಷಯದಲ್ಲಿ ಅದು ಹಿಂದಿನ ನಲವತ್ತು ವರ್ಷಗಳ ಊಹಾಪೋಹವನ್ನು ಕೊನೆಗಾಣಿಸಿದೆಯೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ನಿರ್ಣಯವಾದ ಮೇಲೆ ಮುಕ್ತಾಯದ ಕ್ರಮ. ಇಲ್ಲಿ ಜನಪ್ರಿಯವಾಗಿರುವುದು ಒಂಬತ್ತನೆಯ ಸಂಖ್ಯೆಯ ‘ಕಿಲ್’ ಸಿಗ್ನಲ್. ಅದನ್ನು ಯಾವ ಪ್ರೊಸೆಸ್ಸೂ ತಡೆಯಲಾರದೆಂಬುದೇ ಅದರ ಆಕರ್ಷಣೆ. ಆ ಜನಪ್ರಿಯತೆಗೆ ಮತ್ತೊಂದು ಕಾರಣವೂ ಇದೆ: ಸೌಮ್ಯವಾದ ಹದಿನೈದನೆಯ ‘ಟರ್ಮ್’ ಸಿಗ್ನಲನ್ನು ಮನುಷ್ಯರೊಡನೆ ಸಂವಾದದಲ್ಲಿರುವ ಬ್ಯಾಷ್ ಶೆಲ್ ಅಲಕ್ಷಿಸುತ್ತದೆ, ಒಮ್ಮೆ ಅದನ್ನು ಕಳುಹಿಸಿ ಫಲ ಕಾಣದವರು ನೇರವಾಗಿ ಒಂಬತ್ತಕ್ಕೆ ನೆಗೆಯುತ್ತಾರೆ. ಶೆಲ್ಲಿಗೆ ಸಲ್ಲತಕ್ಕದ್ದು ಒಂದನೆಯ ಸಿಗ್ನಲಾದ ಹ್ಯಾಂಗಪ್. ಅದನ್ನು ಪಡೆದ ಬ್ಯಾಷ್ ತನ್ನ ಆದೇಶಗಳ ಇತಿಹಾಸವನ್ನು ಬರೆದಿಟ್ಟು, ತನ್ನ ಕೆಳಗಿನ ಕೆಲಸಗಳಿಗೂ ಅದೇ ವಾರ್ತೆಯನ್ನು ಮುಟ್ಟಿಸಿ ನಿರ್ಗಮಿಸುತ್ತದೆ; ವಿಮ್ ಸಂಪಾದಕವು ಉಳಿಸದ ಬರಹವನ್ನು ತನ್ನ ಸ್ವಾಪ್ ಕಡತದಲ್ಲಿ ಭದ್ರಪಡಿಸಿ ಹೊರಡುತ್ತದೆ. ಇನ್ನೂ ಸಹಜವಾದ ದಾರಿಯೆಂದರೆ, ಆ ಒಂದು ಲಾಗಿನ್ನನ್ನು ಹೊತ್ತಿರುವ ಎಸ್‌ಎಸ್‌ಎಚ್ ಮರಿಪ್ರೊಸೆಸ್ಸಿಗೆ ಟರ್ಮ್ ಸಿಗ್ನಲನ್ನು ಕಳುಹಿಸುವುದು: ಅದು ಟರ್ಮಿನಲ್ಲನ್ನು ಮುಚ್ಚುತ್ತದೆ, ಕರ್ನೆಲ್ ತಾನೇ ಹ್ಯಾಂಗಪ್ಪನ್ನು ಹಂಚುತ್ತದೆ. ಎಸ್‌ಎಸ್‌ಎಚ್ ಸೇವೆಯನ್ನೇ ಮರುಚಾಲನೆಗೊಳಿಸಿದರೆ ಹಳೆಯ ಲಾಗಿನ್‌ಗಳೆಲ್ಲ ಹೋಗುತ್ತವೆಂದು ಕೆಲವರು ತಿಳಿದಿದ್ದಾರೆ. ಸಿಸ್ಟಂಡಿಯ ಸರ್ವರುಗಳಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ, ಮೂಲ ಪ್ರೊಸೆಸ್ ಮಾತ್ರ ಬದಲಾಗಿ ಮರಿಗಳು ಹಾಗೆಯೇ ಉಳಿಯುತ್ತವೆ.

‘ಲಾಗಿನ್‌ಸಿಟಿಎಲ್ ಟರ್ಮಿನೇಟ್-ಸೆಷನ್’ ಎಂಬ ಆದೇಶ ಈ ವಿವೇಕವನ್ನು ತನ್ನಲ್ಲಿಯೇ ಅಡಕಮಾಡಿಕೊಂಡಿದೆ. ಶೆಲ್‌ಗಳು ಟರ್ಮನ್ನು ಅಲಕ್ಷಿಸುವುದನ್ನು ಅರಿತು ಅದು ಹ್ಯಾಂಗಪ್ಪನ್ನೂ ಜೊತೆಗೆ ಕಳುಹಿಸುತ್ತದೆ, ಅವಧಿ ಮೀರಿದರೂ ಉಳಿದವುಗಳ ಮೇಲೆ ಮಾತ್ರ ಒಂಬತ್ತನೆಯದನ್ನು ಪ್ರಯೋಗಿಸುತ್ತದೆ. ಆದರೆ ಅದರ ಸಂಪೂರ್ಣತೆಯೇ ಅದರ ಅಪಾಯ: ಆ ಲಾಗಿನ್ನಿನೊಳಗೆ ಆರಂಭವಾದ ಟಿಮಕ್ಸ್ ಕೂಡ ಅದೇ ಗುಂಪಿಗೆ ಸೇರಿದ್ದರಿಂದ ಅದೂ ಹೋಗುತ್ತದೆ. ಎಸ್‌ಎಸ್‌ಎಚ್ ಪ್ರೊಸೆಸ್ಸನ್ನು ಮುಚ್ಚಿದರೆ ಟಿಮಕ್ಸ್ ಬದುಕುತ್ತದೆ, ಸೆಷನ್ನನ್ನು ಮುಗಿಸಿದರೆ ಸಾಯುತ್ತದೆ. ಈ ಭೇದವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ‘ಪಿಕಿಲ್’ ಆದೇಶವನ್ನು ಟರ್ಮಿನಲ್ಲಿನ ಸಂಖ್ಯೆಯ ಮೇಲೆ ಪ್ರಯೋಗಿಸುವವರು, ಆ ಸಂಖ್ಯೆಗಳು ಕೂಡಲೇ ಮರುಬಳಕೆಯಾಗುವುದರಿಂದ, ಪಟ್ಟಿ ನೋಡಿದ ಕ್ಷಣಕ್ಕೂ ಆದೇಶ ಕೊಟ್ಟ ಕ್ಷಣಕ್ಕೂ ನಡುವೆ ಅಲ್ಲಿ ಬೇರೆಯವರು ಬಂದು ಕುಳಿತಿರಬಹುದೆಂದು ಎಚ್ಚರವಹಿಸಬೇಕು. ಅದನ್ನೇ ಬಳಕೆದಾರನ ಹೆಸರಿನ ಮೇಲೆ ಪ್ರಯೋಗಿಸುವುದು ಇನ್ನೂ ಒರಟು. ಡೇಟಾಬೇಸ್ ಸೇವೆ ನಡೆಯುವ ಹೆಸರಿನಲ್ಲಿ ಯಾರೋ ಲಾಗಿನ್ ಆಗಿ ಮರೆತರೆಂದು ಆ ಹೆಸರಿನ ಪ್ರೊಸೆಸ್‌ಗಳನ್ನೆಲ್ಲ ಕೊಂದರೆ ಡೇಟಾಬೇಸೇ ನಿಂತುಹೋಗುತ್ತದೆ.

ಒಂಬತ್ತಕ್ಕೂ ಬಗ್ಗದ ಪ್ರೊಸೆಸ್‌ಗಳು ಉಂಟು. ‘ಪಿಎಸ್’ ಪಟ್ಟಿಯಲ್ಲಿ ‘ಡಿ’ ಎಂದು ಗುರುತಾದವು ಕರ್ನೆಲ್ಲಿನೊಳಗೆ ಡಿಸ್ಕಿನಿಂದಲೋ, ಉತ್ತರಿಸದ ಎನ್‌ಎಫ್‌ಎಸ್ ಸರ್ವರಿನಿಂದಲೋ ಏನನ್ನೋ ಕಾಯುತ್ತ ನಿಂತಿರುತ್ತವೆ. ಕಾದದ್ದು ಬಂದಹೊರತು ಸಿಗ್ನಲ್ ಸಾಮಾನ್ಯವಾಗಿ ಅವುಗಳ ಕಿವಿಗೆ ಬೀಳದು. ಅಲ್ಲಿ ರೋಗವಿರುವುದು ಸಂಗ್ರಹವ್ಯವಸ್ಥೆಯಲ್ಲಿ, ಲಾಗಿನ್ನಿನಲ್ಲಲ್ಲ. ‘ಝಡ್’ ಎಂದು ಗುರುತಾದವು ಆಗಲೇ ಸತ್ತವು. ಅವುಗಳ ತಾಯಿಪ್ರೊಸೆಸ್ ಬಂದು ಲೆಕ್ಕ ತೀರಿಸಬೇಕಾಗಿದೆ, ಅಷ್ಟೆ.

ಪ್ರತಿಸಲವೂ ಕೈಯಿಂದ ಇದನ್ನೆಲ್ಲ ಮಾಡುವ ಬದಲು ನಿಯಮವೊಂದನ್ನು ವಿಧಿಸಿಬಿಡೋಣವೆಂಬ ಆಸೆ ಸಹಜ. 2016ರ ಮೇ ತಿಂಗಳಲ್ಲಿ ಸಿಸ್ಟಂಡಿಯ 230ನೆಯ ಆವೃತ್ತಿ, ಬಳಕೆದಾರ ಹೊರಟೊಡನೆ ಅವನ ಪ್ರೊಸೆಸ್‌ಗಳನ್ನೆಲ್ಲ ಮುಗಿಸುವುದನ್ನೇ ಪೂರ್ವನಿಶ್ಚಿತ ನಡತೆಯನ್ನಾಗಿ ಮಾಡಿತು. ಟಿಮಕ್ಸ್, ಹ್ಯಾಂಗಪ್ಪನ್ನು ಕೆಲಸಕ್ಕೆ ತಾಗಗೊಡದ ನೊಹಪ್ ಮೊದಲಾದವನ್ನು ನಂಬಿದ್ದವರಿಂದ ದೊಡ್ಡ ಪ್ರತಿಭಟನೆಯೆದ್ದು, ಡೆಬಿಯನ್ ಮೊದಲಾದ ವಿತರಣೆಗಳು ಹಳೆಯ ನಡತೆಗೇ ಮರಳಿದವು. ಪ್ರತಿಭಟಿಸಿದವರ ಕಡೆಗೆ ನ್ಯಾಯವಿತ್ತೆಂದು ನಾನು ಭಾವಿಸುತ್ತೇನೆ. ದಶಕಗಳಿಂದ ರೂಢಿಯಲ್ಲಿದ್ದ ಒಂದು ವಚನವನ್ನು ಒಂದು ಆವೃತ್ತಿಯಲ್ಲಿ ಮುರಿಯುವುದು ಉಚಿತವಲ್ಲ. ಬ್ಯಾಷಿನ ‘ಟಿಎಂಔಟ್’ ಎಂಬ ಚರಾಂಕವು ನಿಗದಿಯಾದ ಸೆಕೆಂಡುಗಳ ಕಾಲ ಆದೇಶ ಬಾರದಿದ್ದರೆ ಶೆಲ್ಲನ್ನು ಮುಚ್ಚುತ್ತದೆ. ಆದರೆ ಶೆಲ್ ಆದೇಶಕ್ಕಾಗಿ ಕಾಯುತ್ತಿರುವಾಗ ಮಾತ್ರ. ವಿಮ್ ಅನ್ನೋ ‘ಟಾಪ್’ ಅನ್ನೋ ತೆರೆದಿಟ್ಟು ಎದ್ದುಹೋದವರಿಗೆ ಅದು ಅನ್ವಯಿಸುವುದಿಲ್ಲ. 2022ರಲ್ಲಿ ಸಿಸ್ಟಂಡಿಯ 252ನೆಯ ಆವೃತ್ತಿಯೊಡನೆ ಬಂದ ‘ಸ್ಟಾಪ್‌ಐಡಲ್‌ಸೆಷನ್‌ಸೆಕ್’, 2023ರಲ್ಲಿ ಓಪನ್‌ಎಸ್‌ಎಸ್‌ಎಚ್ 9.2ರೊಡನೆ ಬಂದ ‘ಚಾನೆಲ್‌ಟೈಮ್‌ಔಟ್’ ಇವು ನಿಷ್ಕ್ರಿಯವಾದುದನ್ನು ಮುಗಿಸಲು ಹೆಚ್ಚು ಸಮರ್ಥವಾದ ಸಾಧನಗಳು. ಅವುಗಳಲ್ಲಿ ಮೊದಲನೆಯದು ನಂಬುವುದು ಮೇಲೆ ವರ್ಣಿಸಿದ ಆ ಟರ್ಮಿನಲ್ ಗಡಿಯಾರವನ್ನೇ ಎಂಬುದನ್ನು ನೆನಪಿಡಬೇಕು. ಪಾವತಿ ಕಾರ್ಡುಗಳ ಪಿಸಿಐ ಮಾನದಂಡ ಹದಿನೈದು ನಿಮಿಷಗಳ ನಿಷ್ಕ್ರಿಯತೆಯನ್ನು ಹೇಳುತ್ತದೆಯೆಂದು ಎಲ್ಲ ಸರ್ವರುಗಳಿಗೂ ಅದನ್ನೇ ಹೇರುವವರಿದ್ದಾರೆ. ಆ ಮಾನದಂಡ ಕೇಳುವುದು ಬಳಕೆದಾರನು ಮತ್ತೆ ತನ್ನ ಗುರುತನ್ನು ಸ್ಥಾಪಿಸಬೇಕೆಂಬುದನ್ನು; ಅವನ ಕೆಲಸವನ್ನು ನಾಶಮಾಡಬೇಕೆಂಬುದನ್ನಲ್ಲ.

ಇಷ್ಟೆಲ್ಲ ಚರ್ಚೆಯ ನಡುವೆ ಅತ್ಯಂತ ಅಪಾಯಕರವಾದ ಪ್ರಸಂಗವೇ ಅನೇಕ ಕಡೆ ಅಲಕ್ಷಿತವಾಗಿದೆ. ಉದ್ಯೋಗಿಯೊಬ್ಬರು ಸಂಸ್ಥೆಯನ್ನು ಬಿಟ್ಟಾಗ ಅವರ ಪಾಸ್‌ವರ್ಡನ್ನು ಬದಲಿಸುತ್ತಾರೆ, ಎಸ್‌ಎಸ್‌ಎಚ್ ಕೀಲಿಯನ್ನು ಅಳಿಸುತ್ತಾರೆ, ಕಡತದಲ್ಲಿ ‘ಖಾತೆ ಮುಚ್ಚಲಾಗಿದೆ’ ಎಂದು ಬರೆಯುತ್ತಾರೆ. ಆದರೆ ಗುರುತಿನ ಪರೀಕ್ಷೆ ನಡೆಯುವುದು ಬಾಗಿಲಿನಲ್ಲಿ ಮಾತ್ರ. ಆಗಲೇ ಒಳಗಿರುವ ಲಾಗಿನ್ನಿಗೆ ಇವುಗಳಲ್ಲಿ ಯಾವುದೂ ತಾಗುವುದಿಲ್ಲ. ‘ಯೂಸರ್‌ಮಾಡ್’ ಆದೇಶದಿಂದ ಬೀಗ ಹಾಕಿದರೂ ಮುಚ್ಚುವುದು ಪಾಸ್‌ವರ್ಡಿನ ದಾರಿ ಮಾತ್ರ. ಖಾತೆಗೆ ಮುಗಿದ ದಿನಾಂಕವನ್ನು ಹಾಕದಿದ್ದರೆ ಕೀಲಿಯ ದಾರಿ ತೆರೆದೇ ಇರಬಹುದು. ಆದುದರಿಂದ ಕ್ರಮ ಹೀಗಿರಬೇಕು: ಮೊದಲು ಖಾತೆಯ ಅವಧಿಯನ್ನು ಮುಗಿಸಿ, ಹೊಸ ಪ್ರವೇಶವನ್ನು ತಡೆಯುವುದು, ಆಮೇಲೆ ‘ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್’ ಆದೇಶದಿಂದ ಒಳಗಿರುವುದನ್ನೆಲ್ಲ ಮುಗಿಸುವುದು, ಅನಂತರ ನಿಗದಿತ ಹೊತ್ತಿಗೆ ತಾವಾಗಿ ನಡೆಯುವ ಅವರ ಕ್ರಾನ್ ಕೆಲಸಗಳನ್ನೂ, ಹೊರಟ ಮೇಲೂ ಪ್ರೊಸೆಸ್ ನಡೆಸಗೊಡುವ ‘ಲಿಂಗರ್’ ಅನುಮತಿಯಿದ್ದರೆ ಅದನ್ನೂ ತೆಗೆಯುವುದು. ಕ್ರಮ ತಿರುವುಮುರುವಾದರೆ ಮುಗಿಸಿದ ಲಾಗಿನ್ ಮರುಕ್ಷಣದಲ್ಲಿಯೇ ಹಿಂದಿರುಗಬಹುದು. ಅನುಮಾನಕ್ಕೆ ಆಸ್ಪದವಿರುವ ಲಾಗಿನ್ ಆಗಿದ್ದರೆ, ಮುಗಿಸುವ ಮುನ್ನ ಪ್ರೊಸೆಸ್‌ಗಳ ಪಟ್ಟಿಯನ್ನೂ ಜಾಲಸಂಪರ್ಕಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಬೇಕು. ಭಾರತದಲ್ಲಿ ಸೈಬರ್ ಸುರಕ್ಷತೆಯ ಹೊಣೆ ಹೊತ್ತ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನಗಳ ಕಾಲ ಕಾಯ್ದಿಡುವುದು ಹೇಗೂ ಕರ್ತವ್ಯವೇ ಆಗಿದೆ. ಸರ್ವರುಗಳ ಹೊಣೆ ಹೊತ್ತಿರುವ ಓದುಗರು, ತಮ್ಮ ಸಂಸ್ಥೆಯಲ್ಲಿ ಉದ್ಯೋಗಿಯನ್ನು ಬೀಳ್ಕೊಡುವ ದಿನದ ಕಾರ್ಯಪಟ್ಟಿಯನ್ನು ತರಿಸಿ ನೋಡಿ, ಅದರಲ್ಲಿ ಲಾಗಿನ್‌ಗಳನ್ನು ಮುಗಿಸುವ ಸಾಲು ಇಲ್ಲದಿದ್ದರೆ ಈ ವಾರವೇ ಸೇರಿಸಬೇಕೆಂದು ವಿನಂತಿ.